ಅಮ್ಮನಿಗೆ ಆರೈಕೆ ಮನೆ ಹುಡುಕುತ್ತಿದ್ದೇವೆ: ತುಮಕೂರಲ್ಲೋ, ಬೆಂಗಳೂರಲ್ಲೋ?

ಶೆಟ್ಟಿಹಳ್ಳಿ ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 79 ವರ್ಷ. ಗುಬ್ಬಿ ತಾಲ್ಲೂಕಿನ ಹಳ್ಳಿಯವಳು. ಅಪ್ಪ ಹೋದ ಮೇಲೆ ತುಮಕೂರಿಗೆ ನಮ್ಮ ಮನೆಗೇ ಕರೆದುಕೊಂಡು ಬಂದೆ. ಹೋದ ಕಾರ್ತಿಕದಲ್ಲಿ ಲಕ್ವ ಹೊಡೆದು ಎಡಗೈ, ಎಡಗಾಲು ಸೋತಿವೆ. ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾಳೆ, ಅಷ್ಟೇ. ಊಟ ತಾನೇ ಮಾಡುತ್ತಾಳೆ. ಮಿಕ್ಕಿದ್ದಕ್ಕೆಲ್ಲ ಒಬ್ಬರು ಕೈ ಹಿಡಿಯಬೇಕು. ಸಕ್ಕರೆ ಕಾಯಿಲೆಗೆ ದಿನಕ್ಕೆ ಎರಡು ಸಲ ಇನ್ಸುಲಿನ್. ಇತ್ತೀಚೆಗೆ ಮರೆವು ಬೇರೆ.

ನಾನು ಟೀಚರ್. ಬೆಳಗ್ಗೆ ಎಂಟೂವರೆಗೆ ಮನೆ ಬಿಡಬೇಕು. ಯಜಮಾನರಿಗೆ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಏಜೆನ್ಸಿಯಿಂದ ಬಂದ ಆಯಾಗಳು ಏಳು ತಿಂಗಳಲ್ಲಿ ಮೂರು ಜನ ಬದಲಾದರು. ಕೊನೆಯವಳು ಒಂದು ಮಂಗಳವಾರ ಹೇಳದೆ ಕೇಳದೆ ಹೊರಟುಹೋದಳು. ನಾನು ಸಂಜೆ ನಾಲ್ಕೂವರೆಗೆ ಬಂದಾಗ ಅಮ್ಮ ಬಚ್ಚಲಲ್ಲಿ ಬಿದ್ದಿದ್ದಳು. ಪಕ್ಕದ ಮನೆಯವರಿಗೆ ಕೇಳಲಿ ಅಂತ ಹಿತ್ತಾಳೆ ಚೊಂಬನ್ನು ನೆಲಕ್ಕೆ ಕುಟ್ಟಿದ್ದಾಳೆ. ಎಷ್ಟು ಹೊತ್ತು ಕುಟ್ಟಿದ್ದಳೋ, ಚೊಂಬಿನ ಬಾಯಿ ಒಂದು ಕಡೆ ಪೂರಾ ಒಳಗೆ ಹೋಗಿತ್ತು. ಯಾರಿಗೂ ಕೇಳಿಸಲಿಲ್ಲ. ಮೂಳೆಗೆ ಏನೂ ಆಗಿಲ್ಲ, ಅದೊಂದು ಪುಣ್ಯ.

ಆವತ್ತೇ ನಿರ್ಧಾರ ಮಾಡಿದೆವು, ಇಪ್ಪತ್ನಾಲ್ಕು ಗಂಟೆಯೂ ನೋಡಿಕೊಳ್ಳುವ ಜಾಗ ಬೇಕು. ತಮ್ಮ ಇರುವುದು ಬೆಂಗಳೂರಲ್ಲಿ. ಅಲ್ಲಿಗೇ ಕರೆದುಕೊಂಡು ಬಾ, ದೊಡ್ಡ ಆಸ್ಪತ್ರೆ ಹತ್ತಿರ ಇರುತ್ತೆ ಅನ್ನುತ್ತಾನೆ. ನನಗೆ ಇಲ್ಲೇ ತುಮಕೂರಲ್ಲಿ ಇದ್ದರೆ ಚೆನ್ನ ಅನಿಸುತ್ತದೆ. ಇಲ್ಲಿ ಒಬ್ಬರು ತಿಂಗಳಿಗೆ 28 ಸಾವಿರ ಹೇಳಿದ್ದಾರೆ, ತಮ್ಮ ನೋಡಿರುವ ಜಾಗದಲ್ಲಿ 42 ಸಾವಿರ. ಅಡ್ವಾನ್ಸ್ ಬೇರೆ. ಫೋಟೋ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಹೋದಾಗ ಏನು ನೋಡಬೇಕು, ಏನು ಕೇಳಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ಊರ್ಡಿಗೆರೆಯವ

ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. ಹೆತ್ತವಳನ್ನು ಆಶ್ರಮಕ್ಕೆ ಬಿಟ್ಟರು ಅನ್ನುವ ಮಾತು ಬೇಡ. ಒಂದು ವರ್ಷ ಸಂಬಳ ಇಲ್ಲದ ರಜೆ ಹಾಕಿ ಮನೆಯಲ್ಲೇ ನೋಡಿಕೊಳ್ಳಿ. ನಮ್ಮ ಅಜ್ಜಿ ಮೂರು ವರ್ಷ ಮಲಗಿದಲ್ಲೇ ಇದ್ದರು. ಕೊನೆಯವರೆಗೂ ಮನೆಯಲ್ಲೇ ಇದ್ದರು.

ತಿಪಟೂರು ಸೊಸೆ

ಊರ್ಡಿಗೆರೆ ಅಣ್ಣ, ನಿಮ್ಮ ಅಜ್ಜಿ ಮಲಗಿದ್ದಾಗ ಮನೆಯಲ್ಲಿ ಎಷ್ಟು ಹೆಂಗಸರಿದ್ದರು ಅಂತ ಒಂದು ಸಲ ಲೆಕ್ಕ ಹಾಕಿ. ನಾನು ಅತ್ತೆಯನ್ನು ಆರು ವರ್ಷ ಒಬ್ಬಳೇ ನೋಡಿಕೊಂಡೆ. ರಾತ್ರಿ ನಾಲ್ಕು ಸಲ ಏಳುತ್ತಿದ್ದೆ. ಸೊಂಟ ಹೋಯಿತು. ಒಂದು ದಿನ ಮೂರನೇ ಸಲ ಬೆಡ್‌ಶೀಟ್ ಬದಲಾಯಿಸುವಾಗ ಅತ್ತೆಯ ಮೇಲೆ ಕೈ ಎತ್ತಿಬಿಟ್ಟೆ. ಹೊಡೆಯಲಿಲ್ಲ. ಆದರೆ ಅವರು ಮುಖಕ್ಕೆ ಕೈ ಅಡ್ಡ ಹಿಡಿದದ್ದು ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ಆವತ್ತು ರಾತ್ರಿಯೇ ಯಜಮಾನರಿಗೆ ಹೇಳಿದೆ, ನನ್ನ ಕೈಲಿ ಆಗುವುದಿಲ್ಲ ಅಂತ. ಮುಂದೆ ಎರಡು ವರ್ಷ ಅವರು ಆರೈಕೆ ಮನೆಯಲ್ಲಿದ್ದರು. ಆಮೇಲೆ ಅವರ ಹತ್ತಿರ ಕೂತು ಮಾತಾಡುವುದಕ್ಕೆ ನನಗೆ ಮನಸ್ಸು ಬಂತು.

ಶೆಟ್ಟಿಹಳ್ಳಿ ಅಕ್ಕ, ತಪ್ಪು ಮಾಡುತ್ತಿದ್ದೀನಿ ಅಂತ ಕೊರಗಬೇಡಿ. ಜಾಗ ಮಾತ್ರ ಸರಿಯಾಗಿ ನೋಡಿ.

ವಾರ್ಡ್ ಸಿಸ್ಟರ್

31 ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಈಗ ನಿವೃತ್ತಿಯಾಗಿ ತುಮಕೂರಲ್ಲೇ ಇದ್ದೇನೆ. ಉದ್ದ ಆಗುತ್ತೆ, ಸಮಾಧಾನವಾಗಿ ಓದಿ.

ಮೊದಲು ಅಮ್ಮನಿಗೆ ಏನು ಆಗುತ್ತೆ, ಏನು ಆಗಲ್ಲ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಕಮೋಡ್‌ಗೆ ಹೋಗಿ ಬರುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಒಂದ ಎರಡ ಹಿಡಿದುಕೊಳ್ಳುವುದು, ಊಟ. ಈ ಆರೇ ಡಾಕ್ಟರು ಕೇಳುವುದು. ನೀವು ಬರೆದದ್ದು ನೋಡಿದರೆ ಅಮ್ಮನಿಗೆ ಆಗುವುದು ಊಟ ಒಂದೇ. ಹಾಗಾಗಿ ಸಾಮಾನ್ಯ ವೃದ್ಧಾಶ್ರಮ ನೋಡಲೇಬೇಡಿ. ಅಲ್ಲಿ ತಮ್ಮ ಕೆಲಸ ತಾವು ಮಾಡಿಕೊಳ್ಳುವವರನ್ನು ಮಾತ್ರ ಸೇರಿಸಿಕೊಳ್ಳುವುದು ಜಾಸ್ತಿ. ನಿಮಗೆ ಬೇಕಿರುವುದು ದಿನದ ಕೆಲಸಕ್ಕೆ ಕೈ ಹಿಡಿಯುವ ಜಾಗ. ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: "ನಾಳೆ ಅಮ್ಮ ಪೂರ್ತಿ ಮಲಗಿಬಿಟ್ಟರೆ ಇಟ್ಟುಕೊಳ್ಳುತ್ತೀರಾ, ಕರೆದುಕೊಂಡು ಹೋಗಿ ಅನ್ನುತ್ತೀರಾ?"

ಎರಡನೆಯದು, ಭಾನುವಾರ ಬೆಳಗ್ಗೆ ಹೋಗಬೇಡಿ. ಆ ಹೊತ್ತಿಗೆ ಎಲ್ಲರಿಗೂ ಸ್ನಾನ ಆಗಿರುತ್ತೆ, ತಲೆ ಬಾಚಿರುತ್ತೆ. ವಾರದ ದಿನ ಸಂಜೆ ಆರೂವರೆಗೆ, ಹೇಳದೆ ಹೋಗಿ. ಪಾಳಿ ಬದಲಾಗುವುದು, ಊಟ ಬಡಿಸುವುದು, ಇನ್ಸುಲಿನ್ ಕೊಡುವುದು ಎಲ್ಲ ಆಗಲೇ. ಮರೆವಿನ ಕಾಯಿಲೆ ಇರುವ ಕೆಲವರು ಹೊತ್ತು ಮುಳುಗುವಾಗ ಮನೆಗೆ ಹೋಗಬೇಕು ಅಂತ ಹಟ ಹಿಡಿಯುತ್ತಾರೆ, ಅಳುತ್ತಾರೆ. ಆಗ ಆಯಾ ಏನು ಮಾಡುತ್ತಾಳೆ ನೋಡಿ. ಗದರುತ್ತಾಳಾ, ಟಿವಿ ಸೌಂಡ್ ಜಾಸ್ತಿ ಮಾಡುತ್ತಾಳಾ, ಪಕ್ಕ ಕೂರುತ್ತಾಳಾ?

ಒಂದು ಖಾಲಿ ಹಾಸಿಗೆಯ ಕರೆಗಂಟೆ ಒತ್ತಿ ಗಡಿಯಾರ ನೋಡಿ. ರಾತ್ರಿ ಹತ್ತರ ಮೇಲೆ ಎಷ್ಟು ಜನ ಎಚ್ಚರ ಇರುತ್ತಾರೆ ಅಂತ ಓನರ್‌ನ ಕೇಳಬೇಡಿ, ಆಯಾನ ಕೇಳಿ.

ಮಲಗಿದಲ್ಲೇ ಇರುವ ಒಬ್ಬರ ಹಿಮ್ಮಡಿ, ಉಗುರು ನೋಡಲು ಸಾಧ್ಯವಾದರೆ ನೋಡಿ. ಹುಣ್ಣು ಮೊದಲು ಏಳುವುದು ಹಿಮ್ಮಡಿಯಲ್ಲಿ, ಬೆನ್ನಿನ ಕೊನೆಯ ಮೂಳೆಯ ಮೇಲೆ. ಅಂಥವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬದಲಿಸಿದಾಗ ಚಾರ್ಟಿನಲ್ಲಿ ಬರೆಯಬೇಕು. ನಾನೊಮ್ಮೆ ಪರಿಚಯದವರ ಜೊತೆ ಒಂದು ಕಡೆ ಹೋಗಿದ್ದೆ. ಸಂಜೆ ಏಳು ಗಂಟೆಗೆ, ಮಾರನೇ ದಿನ ಬೆಳಗಿನ ಆರರವರೆಗೂ ಟಿಕ್ ಹಾಕಿಟ್ಟಿದ್ದರು. ಎಲ್ಲವೂ ಒಂದೇ ಪೆನ್ನು, ಒಂದೇ ಕೈ. ಅಲ್ಲಿಂದ ನೀರೂ ಕುಡಿಯದೆ ವಾಪಸ್ ಬಂದೆವು.

ಇನ್ಸುಲಿನ್ ಯಾರು ಚುಚ್ಚುತ್ತಾರೆ, ಚುಚ್ಚಿದ ಎಷ್ಟು ಹೊತ್ತಿಗೆ ತಟ್ಟೆ ಬರುತ್ತೆ ಕೇಳಿ. ಸೂಜಿ ಹಾಕಿ ಊಟ ತಡವಾದರೆ ಸಕ್ಕರೆ ಇಳಿದು ಬೆವರು, ನಡುಕ ಶುರುವಾಗುತ್ತೆ. ಮರೆವು ಇರುವವರಿಗೆ ಅದನ್ನು ಬಾಯಿಬಿಟ್ಟು ಹೇಳಲೂ ಬರುವುದಿಲ್ಲ.

ಬಚ್ಚಲು ನೋಡುವಾಗ ಗೋಡೆಗೆ ರಾಡ್ ಇದೆಯಾ ಅಂತ ಮಾತ್ರ ನೋಡಬೇಡಿ, ಯಾವ ಕಡೆ ಇದೆ ನೋಡಿ. ನಿಮ್ಮ ಅಮ್ಮನಿಗೆ ಎಡಗೈ ಸೋತಿದೆ. ಕಮೋಡ್ ಮೇಲೆ ಕೂತಾಗ ಬಲಗಡೆ ಹಿಡಿಕೆ ಸಿಗಬೇಕು. ಎಡಗಡೆ ಎಷ್ಟು ಹೊಳೆಯುವ ಸ್ಟೀಲ್ ರಾಡ್ ಇದ್ದರೂ ಅವರಿಗೆ ಇಲ್ಲದ ಹಾಗೇ. ಬಾಗಿಲು ಹೊರಗಡೆಗೆ ತೆರೆಯಬೇಕು. ಒಳಗಡೆಗೆ ತೆರೆಯುವ ಬಾಗಿಲಿಗೆ ಅಡ್ಡ ಬಿದ್ದರೆ ಎತ್ತಲು ಹೋದವರಿಗೆ ಬಾಗಿಲೇ ತೆಗೆಯಲು ಆಗಲ್ಲ.

ಇನ್ನು ತಮ್ಮನ ಮಾತು. ದೊಡ್ಡ ಆಸ್ಪತ್ರೆ ಹತ್ತಿರ ಇರಬೇಕು ಅನ್ನುವುದರಲ್ಲಿ ನಿಜ ಇದೆ. ಲಕ್ವ ಒಮ್ಮೆ ಹೊಡೆದವರಿಗೆ ಮತ್ತೊಮ್ಮೆ ಹೊಡೆಯುವ ಭಯ ಇದ್ದೇ ಇರುತ್ತೆ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೆಲಸ ಮಾಡುವುದು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ಆದ್ದರಿಂದ ಊರು ಯಾವುದು ಅನ್ನುವುದಕ್ಕಿಂತ, ಆ ಬಾಗಿಲಿನಿಂದ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ರಾತ್ರಿ ಎಷ್ಟು ನಿಮಿಷ ಅಂತ ನೋಡಿ. ಬೆಂಗಳೂರಲ್ಲಿ ಐದು ಕಿಲೋಮೀಟರ್‌ಗೆ ಮುಕ್ಕಾಲು ಗಂಟೆ ಹಿಡಿಯಬಹುದು.

ನನ್ನನ್ನು ಕೇಳಿದರೆ, ಮನೆಯವರು ವಾರದಲ್ಲಿ ಮೂರು ನಾಲ್ಕು ಸಲ ಹೇಳದೆ ಕೇಳದೆ ಒಳಗೆ ಹೋಗಿಬರಲು ಆಗುವ ಜಾಗವೇ ಒಳ್ಳೆಯದು. ಯಾರು ಆಗಾಗ ಬರುತ್ತಾರೋ ಅವರ ಕಡೆಯವರ ಬೆಡ್‌ಶೀಟ್ ಮೊದಲು ಬದಲಾಗುತ್ತೆ. ಹೀಗಿರಬಾರದು, ಆದರೆ ನಾನು ಕಂಡದ್ದು ಇದೇ.

ಬಂಗಾರಪೇಟೆ ಹುಡುಗ

ಸಿಸ್ಟರ್ ಎಲ್ಲ ಹೇಳಿದ್ದಾರೆ. ನಾನು ಒಂದೇ ಒಂದು ಸೇರಿಸುತ್ತೇನೆ, ಭಾಷೆ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು. ಅಪ್ಪ ಮನೆಯಲ್ಲಿ ತೆಲುಗು, ಹೊರಗೆ ಅಚ್ಚ ಕನ್ನಡ ಮಾತಾಡುತ್ತಿದ್ದರು. 83ಕ್ಕೆ ಮರೆವು ಜಾಸ್ತಿಯಾಯಿತು. ಮೊದಲು ಕಲಿತ ಭಾಷೆ ಉಳಿಯಿತು, ಆಮೇಲೆ ಕಲಿತದ್ದು ಜಾರುತ್ತಾ ಹೋಯಿತು. ಬೆಂಗಳೂರಿನ ಹೊರವಲಯದ ಒಂದು ಆರೈಕೆ ಮನೆಗೆ ಸೇರಿಸಿದೆವು. ನೋಡಿಕೊಳ್ಳುವ ಹುಡುಗ ಉತ್ತರದ ಕಡೆಯವನು, ತುಂಬಾ ಒಳ್ಳೆಯವನು. ಹಿಂದಿ ಬಿಟ್ಟರೆ ಬೇರೆ ಬರುತ್ತಿರಲಿಲ್ಲ.

ಅಪ್ಪ "ನೀಳ್ಳು, ನೀಳ್ಳು" ಅನ್ನುತ್ತಿದ್ದರಂತೆ. ತೆಲುಗಲ್ಲಿ ನೀರು. ಹಿಂದಿಯಲ್ಲಿ ನೀಲಾ ಅಂದರೆ ನೀಲಿ. ಅವರ ಮಂಚದ ಮೇಲೆ ಒಂದು ನೀಲಿ ರಗ್ಗು ಇತ್ತು. ಪಾಪ ಆ ಹುಡುಗ ಪ್ರತಿ ಸಲವೂ ಆ ರಗ್ಗನ್ನೇ ಹೊದಿಸುತ್ತಿದ್ದ. ಏಪ್ರಿಲ್ ತಿಂಗಳು. ನಾಲ್ಕನೇ ದಿನ ನಾನು ಹೋದಾಗ ನಾಲಿಗೆ ಒಣಗಿ ಬಿರುಕು ಬಿಟ್ಟಿತ್ತು. ನನ್ನ ಗುರುತೂ ಸಿಗಲಿಲ್ಲ. ಆಸ್ಪತ್ರೆಯಲ್ಲಿ ಆರು ದಿನ ಇಟ್ಟುಕೊಂಡರು. ನೀರು ಕಡಿಮೆಯಾಗಿ ಮೂತ್ರದ ಸೋಂಕು ಆಗಿತ್ತು.

ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ. ಅಪ್ಪನ ಮಾತು ಅವನಿಗೆ ತಿಳಿಯುತ್ತಾ ಅಂತ ಕೇಳಬೇಕಿದ್ದವನು ನಾನು. ಆಮೇಲೆ ಕೋಲಾರಕ್ಕೇ ಕರೆದುಕೊಂಡು ಬಂದೆ. ಇಲ್ಲಿ ಮುಳಬಾಗಿಲು ಕಡೆಯ ಒಬ್ಬರು ಆಯಾ ಇದ್ದರು, ಅವರದೂ ತೆಲುಗು. ಆದರೂ ಒಂದು ರಟ್ಟಿನ ಮೇಲೆ ಅಪ್ಪ ಬಳಸುವ ಹದಿನಾಲ್ಕು ಮಾತು ದಪ್ಪಗೆ ಬರೆದು ಮಂಚದ ತಲೆಗೆ ಅಂಟಿಸಿದೆ. ನೀಳ್ಳು, ನೊಪ್ಪಿ, ಆಕಲಿ, ಚಲಿ. ಎದುರಿಗೆ ಕನ್ನಡ, ಹಿಂದಿ ಎರಡೂ.

ಅಕ್ಕ, ನಿಮ್ಮ ಅಮ್ಮ ಹಳ್ಳಿಯವರು. "ಹೊಟ್ಟೆ ತೊಳಸುತ್ತೆ" ಅಂದರೆ, "ಸಂಕಟ ಆಗ್ತಿದೆ" ಅಂದರೆ ಯಾರಿಗೆ ಗೊತ್ತಾಗಬೇಕು?

ಮತ್ತೆ ಮರೆವನ್ನು ವಯಸ್ಸಾಯಿತು ಅಂತ ಸುಮ್ನೆ ಬಿಡಬೇಡಿ. ಥೈರಾಯ್ಡ್, ಬಿ12 ಕಡಿಮೆಯಾದರೂ ಮರೆವು ಬರುತ್ತೆ. ಅದಕ್ಕೆ ಔಷಧಿ ಇದೆ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಮಿದುಳು ಆರೋಗ್ಯದ ಕ್ಲಿನಿಕ್ ಶುರು ಮಾಡಿದಾಗ ಮೊದಲ ಜಿಲ್ಲೆಗಳಲ್ಲಿ ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಇದ್ದವು. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

ಪಾವಗಡ

ನೀರು ಎಲ್ಲಿಂದ ಬರುತ್ತೆ ಕೇಳಿ. ಊರ ಹೊರಗಿನ ಜಾಗ ಅಂದರೆ ಬೋರ್‌ವೆಲ್ ಇರುತ್ತೆ. ನಮ್ಮ ತಾಲ್ಲೂಕಿನಲ್ಲಿ ಫ್ಲೋರೈಡ್‌ನಿಂದ ಬೆನ್ನು ಬಾಗಿದವರನ್ನು ನೋಡಿಕೊಂಡೇ ಬೆಳೆದವನು ನಾನು. ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆರ್.ಒ. ಇದೆಯಾ, ಅಡುಗೆಗೂ ಅದೇ ನೀರಾ, ಎರಡನ್ನೂ ಕೇಳಿ.

ಚಿಂತಾಮಣಿ ಗುಮಾಸ್ತ

ನಾನು ವಕೀಲರ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು. ಕಾಗದದ ಬಗ್ಗೆ ಹೇಳುತ್ತೇನೆ ಮೇಡಂ.

ನನ್ನ ಅಕ್ಕನನ್ನು ಒಂದು ಕಡೆ ಸೇರಿಸುವಾಗ 2 ಲಕ್ಷ ಅಡ್ವಾನ್ಸ್ ಕಟ್ಟಿದೆವು. ಹತ್ತು ತಿಂಗಳಿಗೆ ಅಕ್ಕ ತೀರಿಕೊಂಡಳು. ಹನ್ನೆರಡು ದಿನದ ಕಾರ್ಯ ಮುಗಿಸಿ ದುಡ್ಡು ಕೇಳಲು ಹೋದರೆ, ಪೇಂಟಿಂಗ್ ಖರ್ಚು, ನೋಟಿಸ್ ಕೊಡದ್ದಕ್ಕೆ ಎರಡು ತಿಂಗಳ ಬಾಡಿಗೆ ಅಂತ ಮುರಿದುಕೊಂಡು 70 ಸಾವಿರ ಕೈಗಿಟ್ಟರು. ಸಾಯುವುದಕ್ಕೆ ಎರಡು ತಿಂಗಳ ನೋಟಿಸ್ ಹೇಗೆ ಕೊಡುವುದು? ಅಗ್ರಿಮೆಂಟ್ ತೆಗೆದು ನೋಡಿದರೆ ಏಳನೇ ಪುಟದಲ್ಲಿ ಹಾಗೇ ಬರೆದಿತ್ತು. ಸಹಿ ನನ್ನದೇ. ಊರೆಲ್ಲರ ಕಾಗದ ಓದಿದ ನಾನು ಆವತ್ತು ಗಡಿಬಿಡಿಯಲ್ಲಿ ಅಕ್ಕನ ಕಾಗದ ಓದಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಆದ್ದರಿಂದ ಅಗ್ರಿಮೆಂಟನ್ನು ಮನೆಗೆ ತಂದು ಓದಿ. ತಿಂಗಳ ದುಡ್ಡಿನಲ್ಲಿ ಏನೇನು ಬರುತ್ತೆ, ಡೈಪರ್, ಔಷಧಿ, ಫಿಸಿಯೋಥೆರಪಿ, ಆಂಬುಲೆನ್ಸ್ ಯಾರ ಖರ್ಚು, ವರ್ಷಕ್ಕೆ ಎಷ್ಟು ಏರಿಸುತ್ತಾರೆ, ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಕಟ್ಟಬೇಕಾ, ತೀರಿಕೊಂಡರೆ ಅಡ್ವಾನ್ಸ್ ಎಷ್ಟು ದಿನಕ್ಕೆ ವಾಪಸ್ ಬರುತ್ತೆ, ಎಲ್ಲವೂ ಬರಹದಲ್ಲಿರಲಿ. ಡ್ರಿಪ್ ಹಾಕುತ್ತೇವೆ, ನರ್ಸಿಂಗ್ ಮಾಡುತ್ತೇವೆ ಅಂದರೆ ಕೆ.ಪಿ.ಎಂ.ಇ. ನೋಂದಣಿ ತೋರಿಸಿ ಅನ್ನಿ. ಖಾಸಗಿ ಆಸ್ಪತ್ರೆ, ನರ್ಸಿಂಗ್ ಹೋಂಗಳಿಗೆ ಇರುವ ಕಾನೂನು ಅದು.

ಇನ್ನೊಂದು ಮುಖ್ಯ ಮಾತು. ಕೆಲವು ಮನೆಗಳಲ್ಲಿ ಈ ಹೊತ್ತಿನಲ್ಲೇ ಆಸ್ತಿ ಹಂಚುವ ಮಾತು ಎದ್ದುಬಿಡುತ್ತೆ. "ನಾನು ನೋಡಿಕೊಳ್ತೀನಿ, ಜಮೀನು ನನ್ನ ಹೆಸರಿಗೆ ಮಾಡಿಕೊಡು" ಅಂತ. ನಿಮ್ಮ ಮನೆಯಲ್ಲಿ ಹಾಗಿಲ್ಲ, ಆದರೆ ಓದುವ ಬೇರೆಯವರಿಗೂ ಗೊತ್ತಿರಲಿ. ಪೋಷಕರು ಮತ್ತು ಹಿರಿಯ ನಾಗರಿಕರ ಕಾಯ್ದೆ 2007ರದು. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ದಾನಪತ್ರ ಮಾಡಿಕೊಟ್ಟು, ಆಮೇಲೆ ನೋಡಿಕೊಳ್ಳದೆ ಹೋದರೆ 23ನೇ ಸೆಕ್ಷನ್ ಪ್ರಕಾರ ಆ ಪತ್ರ ರದ್ದು ಮಾಡಿಸಬಹುದು. ಷರತ್ತು ಪತ್ರದಲ್ಲೇ ಬರೆದಿದ್ದರೆ ಕೆಲಸ ಸುಲಭ. ಅರ್ಜಿ ಹಾಕಬೇಕಾದದ್ದು ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಮುಂದೆ ಇರುವ ನ್ಯಾಯಮಂಡಳಿಗೆ. 60 ದಾಟಿದ ಯಾರೇ ಆಗಲಿ, ತೊಂದರೆ ಇದ್ದರೆ 14567ಕ್ಕೆ ಫೋನ್ ಮಾಡಬಹುದು. ದುಡ್ಡು ಕಟ್ಟಬೇಕಿಲ್ಲ.

ಶೆಟ್ಟಿಹಳ್ಳಿ ಮಗಳು

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಿಲ್ಲ. ನಾನು, ತಮ್ಮ ಇಬ್ಬರೂ ಸಂಜೆ ಹೊತ್ತಿನಲ್ಲೇ ಎರಡೂ ಕಡೆ ಹೋಗಿ ಬಂದೆವು.

ಬೆಂಗಳೂರಿನದು ದೊಡ್ಡದು. ಫಿಸಿಯೋಥೆರಪಿಗೆ ಬೇರೆ ರೂಮೇ ಇದೆ, ಹಗಲು ರಾತ್ರಿ ನರ್ಸ್ ಇದ್ದಾರೆ. ಇದು ನಿಜಕ್ಕೂ ಒಳ್ಳೆಯದು. ಆದರೆ ಗಂಟೆ ಒತ್ತಿ ಆರು ನಿಮಿಷ ಕಾದೆವು. ತಮ್ಮನೇ ಮೊಬೈಲ್‌ನಲ್ಲಿ ನೋಡುತ್ತಿದ್ದ. ಆ ಮಹಡಿಯಲ್ಲಿ 34 ಹಾಸಿಗೆ, ರಾತ್ರಿಗೆ ಇಬ್ಬರು ಆಯಾಗಳು. ಕನ್ನಡ ಬರುವವರು ಕೆಳಗೆ ಆಫೀಸಿನಲ್ಲಿ ಮಾತ್ರ. ರಾಡ್ ಎಡಗಡೆ ಇತ್ತು ಸಿಸ್ಟರ್. ನೀವು ಹೇಳದಿದ್ದರೆ ನಾನು ಅದನ್ನು ನೋಡಿ ಖುಷಿಪಟ್ಟು ಬರುತ್ತಿದ್ದೆ.

ತುಮಕೂರಿನದು ಕುಣಿಗಲ್ ರಸ್ತೆ ಕಡೆ, ಚಿಕ್ಕದು. ಹದಿನಾಲ್ಕು ಜನ ಇದ್ದಾರೆ. ಗೋಡೆಗೆ ತೇವದ ಕಲೆ ಇದೆ, ಫಿಸಿಯೋ ಇಲ್ಲ. ಗಂಟೆ ಒತ್ತಿದ ನಿಮಿಷದೊಳಗೆ ಒಬ್ಬರು ಆಯಾ ಬಂದರು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ. ಮಗ್ಗುಲಿನ ಚಾರ್ಟ್ ಕೇಳಿದೆ. ಆರು ಗಂಟೆಯದು ಖಾಲಿ ಇತ್ತು. "ಇನ್ನೂ ಮಗ್ಗುಲು ಮಾಡ್ಸಿಲ್ಲ ಅಕ್ಕ, ಊಟಕ್ಕೆ ಇಡ್ತಿದ್ದೆ. ಮಾಡ್ಸಿ ಬರೀತೀನಿ" ಅಂದರು. ತಡವಾಗಿತ್ತು ನಿಜ, ಆದರೆ ಮುಂಚೆಯೇ ಬರೆದಿಟ್ಟಿರಲಿಲ್ಲ. ನಾವು ನೋಡುತ್ತಿದ್ದ ಹಾಗೇ ಆ ಅಜ್ಜಿಯನ್ನು ತಿರುಗಿಸಿ, ಬೆನ್ನು ಒರೆಸಿ, ಗಡಿಯಾರ ನೋಡಿ 6.50 ಅಂತ ಬರೆದರು. ರಾತ್ರಿ ಊಟಕ್ಕೆ ಮುದ್ದೆ, ಹುರುಳಿಕಾಳು ಬಸ್ಸಾರು. ಹಲ್ಲಿಲ್ಲದವರಿಗೆ ಮುದ್ದೆಯನ್ನೇ ಸಾರಲ್ಲಿ ತೆಳ್ಳಗೆ ಕಲಸಿ ಕೊಡುತ್ತಿದ್ದರು.

ಕೊರತೆ ಅಂದರೆ ನರ್ಸ್ ರಾತ್ರಿ ಎಂಟಕ್ಕೆ ಹೊರಡುತ್ತಾರೆ. ಅಮ್ಮನ ಸಂಜೆ ಇನ್ಸುಲಿನ್ ಏಳಕ್ಕೆ, ಊಟ ಏಳೂವರೆಗೆ, ಅದು ಹೊಂದುತ್ತೆ. ಆದರೆ ಮಧ್ಯರಾತ್ರಿ ಏನಾದರೂ ಆದರೆ? ಬರುವಾಗ ಅಲ್ಲಿಂದ ಸ್ಕ್ಯಾನ್ ಇರುವ ಆಸ್ಪತ್ರೆಗೆ ಗಾಡಿ ಓಡಿಸಿ ನೋಡಿದೆವು. ಹದಿನೈದು ನಿಮಿಷ ಆಯಿತು. ತಮ್ಮ ದಾರಿಯುದ್ದಕ್ಕೂ ಏನೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ, "ಇಲ್ಲೇ ಇರಲಿ ಅಕ್ಕ, ನಾನೇ ಟ್ರೈನಿಗೆ ಬರ್ತೀನಿ" ಅಂದ.

ತಿಪಟೂರು ಸೊಸೆ

ಅಕ್ಕ, ಅಮ್ಮನನ್ನು ಕೇಳಿದಿರಾ?

ವಾರ್ಡ್ ಸಿಸ್ಟರ್

ಅದನ್ನೇ ಬರೆಯಬೇಕು ಅಂತಿದ್ದೆ. ಮರೆವು ಇದ್ದರೂ ಕೇಳಬೇಕು. ಒಂದು ಸಲ ಕರೆದುಕೊಂಡು ಹೋಗಿ ತೋರಿಸಿ. ಮೊದಲು ಹದಿನೈದು ದಿನಕ್ಕೆ ಮಾತ್ರ ಸೇರಿಸಿ. ಅಡ್ವಾನ್ಸ್ ಆಮೇಲೆ ಕಟ್ಟುತ್ತೇವೆ ಅನ್ನಿ. ಒಪ್ಪದಿದ್ದರೆ ಆ ಜಾಗ ಬೇಡ. ರಾತ್ರಿ ಆಯಾಗೆ ಸಕ್ಕರೆ ಚೆಕ್ ಮಾಡುವ ಮಿಷನ್ ಬಳಸಲು ಬರುತ್ತಾ, ಎಷ್ಟಕ್ಕೆ ಇಳಿದರೆ ಸಕ್ಕರೆ ನೀರು ಕೊಡಬೇಕು ಗೊತ್ತಾ, ಕೇಳಿ. 70ಕ್ಕಿಂತ ಕೆಳಗೆ ಬಂದರೆ ಕಾಯಬಾರದು.

ಶೆಟ್ಟಿಹಳ್ಳಿ ಮಗಳು

ಕೇಳಿರಲಿಲ್ಲ. ಭಯ ಇತ್ತು. ಹೋದ ವಾರ ಒಂದು ರಾತ್ರಿ ಕಾಲಿಗೆ ಎಣ್ಣೆ ಹಚ್ಚುತ್ತಾ ಹೇಳಿದೆ. ಎರಡು ದಿನ ಮಾತೇ ಆಡಲಿಲ್ಲ. ಮೂರನೇ ದಿನ, "ನನ್ನ ಚೊಂಬು ಅಲ್ಲಿಗೆ ತಗೊಂಡೋಗಬಹುದಾ?" ಅಂತ ಕೇಳಿದಳು. ನಿನ್ನೆ ಕರೆದುಕೊಂಡು ಹೋದೆವು. ಗಾಲಿಕುರ್ಚಿಯಲ್ಲಿ ಕೂತು ಮೊದಲು ಅಡುಗೆಮನೆ ನೋಡಬೇಕು ಅಂದಳು. ಮುದ್ದೆಯ ಹಿಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಏನೂ ಹೇಳಲಿಲ್ಲ.

ಹದಿನೈದು ದಿನಕ್ಕೆ ಓನರ್ ಒಪ್ಪಿದ್ದಾರೆ. ಬಲಗಡೆ ರಾಡ್ ಹಾಕಿಸಿದ್ದಾರೆ. ಫಿಸಿಯೋದವರು ವಾರಕ್ಕೆ ಮೂರು ದಿನ ಹೊರಗಿನಿಂದ ಬರುತ್ತಾರೆ, ಅದರ ಖರ್ಚು ನಮ್ಮದು. ಮಿಷನ್ ಬಳಸಲು ರಾತ್ರಿಯ ಆಯಾಗೆ ಬರುತ್ತಿರಲಿಲ್ಲ. ನರ್ಸ್ ಕಲಿಸಿಕೊಟ್ಟಿದ್ದಾರೆ. ನನ್ನ ಎದುರಿಗೇ ಎರಡು ಸಲ ಮಾಡಿ ತೋರಿಸಿದರು.

ಊರ್ಡಿಗೆರೆಯವ

ಅಕ್ಕ, ಮೊದಲು ನಾನು ಬರೆದದ್ದಕ್ಕೆ ಕ್ಷಮಿಸಿ. ತಿಪಟೂರು ಅಕ್ಕ ಹೇಳಿದ ಮೇಲೆ ಅಮ್ಮನನ್ನು ಕೇಳಿದೆ. ಅಜ್ಜಿಯನ್ನು ನೋಡಿಕೊಂಡವರು ನಮ್ಮಮ್ಮ, ಇಬ್ಬರು ಚಿಕ್ಕಮ್ಮಂದಿರು, ಅತ್ತೆ, ನಾಲ್ಕು ಜನ. ನಮಗೆ ಮಕ್ಕಳಿಗೆ ಅದು ಗೊತ್ತೇ ಆಗಿರಲಿಲ್ಲ.

ಶೆಟ್ಟಿಹಳ್ಳಿ ಮಗಳು

ಇವತ್ತಿಗೆ ಹದಿನಾರು ದಿನ. ಮೊದಲ ವಾರ ಕಷ್ಟ ಆಯಿತು. ನಾನು ಹೊರಡುವಾಗ ಅಳುತ್ತಿದ್ದಳು. ಆರನೇ ದಿನ ಫೋನಿನಲ್ಲಿ ಮಾತಾಡಲ್ಲ ಅಂದಳು. ನಾನು ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕೂತು ಅತ್ತೆ. ಈಗ ಸ್ವಲ್ಪ ಪರವಾಗಿಲ್ಲ. ಪಕ್ಕದ ಹಾಸಿಗೆಯವರು ಚೇಳೂರಿನ ಕಡೆಯವರು. ಇಬ್ಬರಿಗೂ ಗೊತ್ತಿರುವ ಒಂದು ಮನೆತನ ಸಿಕ್ಕಿದೆ, ದಿನವಿಡೀ ಅವರದೇ ಮಾತು. ನಿನ್ನೆ ಅಗ್ರಿಮೆಂಟ್ ಮನೆಗೆ ತಂದು ಓದಿ, ನೋಟಿಸ್ ಷರತ್ತು ತೆಗೆಸಿ ಸಹಿ ಮಾಡಿದೆವು. ಚಿಂತಾಮಣಿ ಸರ್, ನಿಮ್ಮ ಅಕ್ಕನನ್ನು ನೆನೆಸಿಕೊಂಡೆ.

ಅಮ್ಮ ಕರೆಗಂಟೆ ಒತ್ತುವುದಿಲ್ಲವಂತೆ. ಏನಾದರೂ ಬೇಕಾದರೆ ಚೊಂಬನ್ನು ಮಂಚದ ಕಂಬಿಗೆ ಕುಟ್ಟುತ್ತಾಳಂತೆ. ಆಯಾಗೆ ಆ ಸದ್ದು ಗೊತ್ತಾಗಿದೆ.

ವಾರ್ಡ್ ಸಿಸ್ಟರ್

ಒಳ್ಳೆಯದಾಯಿತಮ್ಮ. ರಾತ್ರಿ ಪಾಳಿಗೆ ಹೊಸಬರು ಬಂದಾಗ ಚೊಂಬಿನ ವಿಷಯ ಅವರಿಗೂ ಹೇಳಬೇಕು, ಮರೆಯಬೇಡಿ. ಹಿಮ್ಮಡಿ ನೋಡಿದಿರಾ?

ಶೆಟ್ಟಿಹಳ್ಳಿ ಮಗಳು

ನೋಡಿದೆ ಸಿಸ್ಟರ್. ಎಡಗಡೆಯದು ಸ್ವಲ್ಪ ಕೆಂಪಗಿದೆ.

ವಾರ್ಡ್ ಸಿಸ್ಟರ್

ಬೆರಳಲ್ಲಿ ಒತ್ತಿ ಬಿಡಿ. ಒತ್ತಿದ ಜಾಗ ಬೆಳ್ಳಗಾಗಿ ಮತ್ತೆ ಕೆಂಪಾದರೆ ಹೆದರಬೇಕಿಲ್ಲ. ಒತ್ತಿದರೂ ಕೆಂಪು ಹಾಗೇ ಇದ್ದರೆ ಹುಣ್ಣು ಶುರುವಾಗುತ್ತಿದೆ ಅಂತ ಅರ್ಥ. ಮೀನಖಂಡದ ಕೆಳಗೆ ದಿಂಬು ಇಟ್ಟು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮಾಡಿಸಿ. ಆ ಜಾಗ ಉಜ್ಜಬೇಡಿ.

ಶೆಟ್ಟಿಹಳ್ಳಿ ಮಗಳು

ಈಗಲೇ ಹೊರಟೆ. ದಿಂಬು ಮನೆಯಿಂದಲೇ ತಗೊಂಡು ಹೋಗುತ್ತಿದ್ದೀನಿ.